ವೈನಿ ಮನೆಯ ವೈನು

ಅಂಗಡಿಯ ವೈನನ್ನು ಸೋಲಿಸಿಯೇ ತೀರುತ್ತೇನೆ ಎಂದು ಕಳೆದ ಫೆಬ್ರವರಿಯಲ್ಲಿ ನಾನು ಪ್ರತಿಜ್ಞೆ ಮಾಡಿದೆ! ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಹೂಮಳೆ ಸುರಿಸಿದರಂತೆ. ನನ್ನ ಹೆಂಡತಿ ನಲಿನಿ ಪುಂಡಿಪಲ್ಯದ ಸೊಪ್ಪು ಸೋಸುತ್ತ, ತಲೆಯೆತ್ತದೆ ಹೇಳಿದಳು:

"ಮೊದಲ ಹಾಲಿಗೆ ಹೆಪ್ಪು ಹಾಕೋದು ಕಲೀರಿ."

ಪ್ರತಿಜ್ಞೆಗೆ ಕಾರಣ ಭೀಮಾಶಂಕರ. ಇಬ್ಬರೂ ಕಲಬುರಗಿಯವರು, ಸಿಕಂದರಾಬಾದಿನ ಒಂದೇ ಸರ್ಕಾರಿ ಕಚೇರಿಯಲ್ಲಿ ಎದುರುಬದುರು ಮೇಜಿನಲ್ಲಿ ಮೂವತ್ತೊಂದು ವರ್ಷ ಕುಳಿತವರು. ನಿವೃತ್ತಿಯಾದ ಮೇಲೆ ನಾನು ಲಿಂಗಂಪಲ್ಲಿಯ ಅಪಾರ್ಟ್‌ಮೆಂಟಿನಲ್ಲಿ ಬಿಪಿ ಗುಳಿಗೆ ನುಂಗುತ್ತ ಕುಳಿತೆ. ಅವನು ಸಿಕಂದರಾಬಾದಿನ ಮನೆಯಲ್ಲಿ ವೈನ್ ಮಾಡಲು ಕುಳಿತ. ಆನ್‌ಲೈನಿನಲ್ಲಿ ಕಿಟ್ ತರಿಸುವುದು. ಅದರಲ್ಲಿ ಒಂದು ಡಬ್ಬಿ ದ್ರಾಕ್ಷಿಯ ಗಟ್ಟಿ ರಸ, ಒಂದು ಪೊಟ್ಟಣ ಈಸ್ಟು, ಒಂದು ಗಾಜಿನ ಜಾಡಿ, ಜಾಡಿಯ ಬಾಯಿಗೆ ಗಾಳಿ ಹೊರಹೋಗುವ ಸೊಂಡಿಲು. ಸೊಂಡಿಲಿನಲ್ಲಿ ಹಗಲೆಲ್ಲ ಗುಳುಗುಳು, ಗುಳುಗುಳು.

ವರ್ಷಕ್ಕೆ ಎರಡು ಸಲ ಅರ್ಧ ಲೋಟ ಕುಡಿಯುವ ಸಂಸಾರಸ್ಥರು ನಾವು. ಆದರೆ ಹೊಸ ಜಾಡಿ ತಯಾರಾದ ಭಾನುವಾರ ನಾನು ಲೋಕಲ್ ಟ್ರೇನು ಹತ್ತಿ ಹೋಗಲೇಬೇಕು. ಮೇಜಿನ ಮೇಲೆ ಎರಡು ಬಾಟಲಿ: ಒಂದು ಅಂಗಡಿಯದು, ಚಿನ್ನದ ಅಕ್ಷರದ ಲೇಬಲ್ಲು. ಇನ್ನೊಂದು ಅವನದು, ಕೈಯಲ್ಲಿ ಬರೆದ ಚೀಟಿ.

"ಹೇಳಲೇ ಪದ್ಮ್ಯಾ, ಯಾವುದು ಛಲೋ ಐತಿ?"

ನಾನು ಸತ್ಯಹರಿಶ್ಚಂದ್ರನ ಖಾಸಾ ತಮ್ಮ! "ಅಂಗಡಿದು ಅಮೃತ ಐತಿ ಭೀಮ್ಯಾ. ನಿಂದು? ಶಾಯಿ ದೌತಿ ತೊಳದ ನೀರು!"

ಅವನು ಗುಳುಗುಳು ನಗುತ್ತಿದ್ದ, ಥೇಟ್ ಜಾಡಿಯ ಹಾಗೆ. "ವೈನಿ, ನೀವ ಹೇಳ್ರಿ," ಎಂದು ನಾನು ಅವನ ಹೆಂಡತಿ, ನನಗೆ ಅತ್ತಿಗೆಯಂತಿದ್ದ ವತ್ಸಲಾ ಅವರನ್ನು ಪಂಚಾಯ್ತಿಗೆ ಕರೆದರೆ, ಅವನೇ ನಡುವೆ ಬಾಯಿ ಹಾಕುವನು: "ನಮ್ಮ ಮನ್ಯಾಗ ವೈನಿಗೆ ವೈನ್ ಅಂದ್ರ ಆಗಂಗಿಲ್ಲ!" ಎಷ್ಟು ಸಲ ಹೀಗೆ ಗೆದ್ದೆನೆಂದು ನಾನು ಎಣಿಸಿಟ್ಟಿಲ್ಲ. ಗೆದ್ದವರು ಎಣಿಸುವುದಿಲ್ಲ.

ಹೋದ ಆಗಸ್ಟಿನಲ್ಲಿ ಭೀಮ್ಯಾ ಬೆಳಗಿನ ಚಹಾ ಅರ್ಧಕ್ಕೆ ಬಿಟ್ಟು ಹೊರಟುಹೋದ. ನನಗೆ ಫೋನ್ ಬಂದಾಗ ನಾನು ಚಹಾ ಪೂರ್ತಿ ಕುಡಿದಿದ್ದೆ. ಯಾಕೋ ಅದೊಂದು ಇನ್ನೂ ಚುಚ್ಚುತ್ತದೆ.

ಫೆಬ್ರವರಿಯಲ್ಲಿ ವೈನಿ ಬಿಚ್ಚದ ಒಂದು ಕಿಟ್ಟನ್ನೂ ಒಂದು ಹಾಳೆಯನ್ನೂ ನನ್ನ ಕೈಯಲ್ಲಿಟ್ಟರು. "ನಿಮ್ಮ ದೋಸ್ತರ ಕಡೀ ಡಬ್ಬಿ. ನಾ ಇಟ್ಕೊಂಡು ಏನ್ ಮಾಡ್ಲಿ? ತಗೊಂಡ್ ಹೋಗ್ರಿ."

ಏಪ್ರಿಲ್ ಮೊದಲ ವಾರ ಅವನ ಹುಟ್ಟುಹಬ್ಬ. ಅಂದು ಅವನ ಕಿಟ್ಟಿನ ವೈನನ್ನು ಅಂಗಡಿಯದರ ಪಕ್ಕ ಇಟ್ಟು, ಅವನದೇ ಗೆದ್ದಿತು ಎಂದು ವೈನಿಯ ಮುಂದೆ ಒಪ್ಪಿಕೊಳ್ಳಬೇಕು. ಬದುಕಿದ್ದಾಗ ಒಂದು ಸಲವಾದರೂ ಹಾಗೆ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅದಕ್ಕೇ ಪ್ರತಿಜ್ಞೆ.

ಹಾಳೆಯಲ್ಲಿ ವಿಧಾನವೆಲ್ಲ ಅವನ ಕೈಬರಹದಲ್ಲೇ ಇತ್ತು. ಭೀಮ್ಯಾ ಕನ್ನಡ ಅಂಕಿಯ ಉಪಾಸಕ. ಗೇಟಿನ ಮೇಲಿನ ಮನೆ ನಂಬರನ್ನೂ ಕನ್ನಡ ಅಂಕಿಯಲ್ಲೇ ಬರೆಸಿದ್ದ. ಪಾರ್ಸಲ್ ತಂದವರು ಆ ಗೇಟಿನ ಮುಂದೆಯೇ ನಿಂತು ಫೋನಿನಲ್ಲಿ ಮನೆ ಎಲ್ಲಿ ಎಂದು ಕೇಳುತ್ತಿದ್ದರು. ಹಾಳೆಯ ಕೊನೆಯ ಸಾಲು ಹೀಗಿತ್ತು: "೯ ವಾರ ಮುಗಿಯೋ ತನಕ ಬಾಟಲಿಗೆ ತುಂಬಬ್ಯಾಡ."

ಈಗ ಅಚ್ಚಿನಲ್ಲಿ ಓದುವ ನಿಮಗೆ ಅದು ಒಂಬತ್ತು. ಭೀಮ್ಯಾನ ಕೈಯಲ್ಲಿ ೬ ಮತ್ತು ೯ ಅವಳಿಜವಳಿ. ಹೆತ್ತವನಿಗೇ ಗುರುತು ಸಿಗುತ್ತಿರಲಿಲ್ಲ.

"ಆರು," ಎಂದೆ. ಹುಟ್ಟುಹಬ್ಬಕ್ಕೆ ಸರಿಯಾಗಿ ಆರು ವಾರ ಉಳಿದಿತ್ತು.

ನಲಿನಿ ಕನ್ನಡಕ ಏರಿಸಿ ನೋಡಿದಳು. "ನನಗ ಒಂಬತ್ತು ಕಾಣಸ್ತೈತ್ರೀ."

"ನಿನ್ನ ಕನ್ನಡಕದ ನಂಬರ್ ಬದಲಾಗೇತಿ."

"ನಿಮ್ಮ ಹಟದ ನಂಬರ್ ಮಾತ್ರ ಬದಲಾಗಿಲ್ಲ!"

ಜಾಡಿ ನಮ್ಮ ಮನೆಗೂ ಜೀವ ತಂದಿತು ನೋಡಿ. ಪೇಪರು ಓದುತ್ತಿರುವಾಗ ಹಿಂದಿನಿಂದ ಗುಳುಗುಳು. ಒಂದೆರಡು ಸಲ ನಾನು, "ಏನಲೇ?" ಎಂದು ತಿರುಗಿಯೂ ನೋಡಿದೆ. ನಲಿನಿ ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿರುವುದು ನಮ್ಮ ಮನೆಯಲ್ಲಿ ಐತಿಹಾಸಿಕ ಘಟನೆ.

ಆರನೆಯ ವಾರವೂ ಜಾಡಿ ಗುಳುಗುಟ್ಟುತ್ತಲೇ ಇತ್ತು. 'ತಡಿಯಲೇ ಪದ್ಮ್ಯಾ' ಎಂದು ಅದು ಹೇಳುತ್ತಿದ್ದಿರಬೇಕು, ನಾನು 'ಶಾಬಾಶ್' ಎಂದು ಕೇಳಿಸಿಕೊಂಡೆ. ಐದು ಬಾಟಲಿ ತುಂಬಿ, ಬಿರಡೆಯನ್ನು ಸುತ್ತಿಗೆಯಿಂದ ಬಡಿದು, ಹಾಲ್‌ನ ಬಾಗಿಲ ಮೇಲಿನ ಅಟ್ಟಕ್ಕೆ ಏರಿಸಿದೆ. ಹೊರಗೆ ಹೈದರಾಬಾದಿನ ಬಿಸಿಲು ನಲವತ್ತು ಡಿಗ್ರಿ!

ಶುಕ್ರವಾರ ಸಂಜೆ ನಮ್ಮ ಹಾಲ್‌ನಲ್ಲಿ ಹೆಂಗಸರ ಲಲಿತಾ ಸಹಸ್ರನಾಮ. ಮುನ್ನೂರನೆಯ ನಾಮದ ಆಸುಪಾಸು.

ಢಂ!

"ಅಮ್ಮೋ! ಸಿಲಿಂಡರ್ ಪೇಲಿಂದಿ!" ಎದುರು ಮನೆಯ ತೆಲುಗು ಆಂಟಿ ಕೂಗಿದರು. ಸಿಲಿಂಡರ್ ಸಿಡಿದಿದೆ ಎಂಬ ಸುದ್ದಿ ಐದೂ ಅಂತಸ್ತಿಗೆ ಲಿಫ್ಟಿಗಿಂತ ಮೊದಲೇ ಮುಟ್ಟಿತು. ಢಂ! ಢಂ! ಅಟ್ಟದಿಂದ ಕೆಂಪು ಧಾರೆ ಗೋಡೆಗುಂಟ ಇಳಿಯಿತು.

"ರಕ್ತಂ! ರಕ್ತಂ!"

ವಾಚ್‌ಮನ್ ಮರಳಿನ ಬಕೆಟ್ಟು ಹೊತ್ತು ಓಡಿಬಂದ. ಬೆಂಕಿ ಕಾಣಲಿಲ್ಲ. ತಂದದ್ದು ವ್ಯರ್ಥವಾಗಬಾರದೆಂದು ನನ್ನ ಮೇಲೆ ಸುರಿದ! ಅಷ್ಟರಲ್ಲಿ ನಾಲ್ಕನೆಯದೂ ಢಂ ಎಂದಿತು. ಹಾಲ್ ತುಂಬ ಹುಳಿ ಘಮಲು. ಆಂಟಿ ಮೂಗು ಅರಳಿಸಿ ನಲಿನಿಯನ್ನು ನೋಡಿದರು.

ನಲಿನಿ ರೆಪ್ಪೆ ಮಿಟುಕಿಸಲಿಲ್ಲ. "ದ್ರಾಕ್ಷಾಸವ ರೀ. ಆಯುರ್ವೇದ. ಇವರಿಗೆ ಅಜೀರ್ಣ!"

ಹೆಂಗಸರೆಲ್ಲ ನನ್ನನ್ನು ಕನಿಕರದಿಂದ ನೋಡಿದರು. ಹೋಗುವಾಗ ಮೂವರು, ತಮ್ಮ ಯಜಮಾನರಿಗೂ ಒಂದೊಂದು ಬಾಟಲಿ ಸಿಕ್ಕೀತೆ ಎಂದು ವಿಚಾರಿಸಿದರು.

ಬಾಗಿಲು ಹಾಕಿಕೊಂಡು ನಲಿನಿ ನನ್ನ ತಲೆಯ ಮರಳು ಕೊಡವಿದಳು. "ಈಗ ಹೇಳ್ರಿ. ಆರೋ, ಒಂಬತ್ತೋ?"

ನಾನು ಅಟ್ಟ ಹತ್ತಿದೆ. ಒಂದು ಬಾಟಲಿ ಉಳಿದಿತ್ತು. ಬಿರಡೆ ಸಡಿಲಾಗಿದ್ದದ್ದೇ ಅದರ ಆಯುಷ್ಯ.

ಭಾನುವಾರ, ಅವನ ಹುಟ್ಟುಹಬ್ಬದಂದು, ಅದನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಬಾಣಂತಿ ಕೂಸನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡು ಟ್ರೇನಿನಲ್ಲಿ ಕುಳಿತೆ. ಪಕ್ಕದಲ್ಲಿ ನಲಿನಿ, ಅವಳ ಚೀಲದಲ್ಲಿ ಅಂಗಡಿಯ ಬಾಟಲಿ. ಎಷ್ಟೋ ಭಾನುವಾರ ಒಬ್ಬನೇ ಬಂದ ದಾರಿ. ಆಗೆಲ್ಲ ಇದು ಇಷ್ಟು ಉದ್ದ ಇರಲಿಲ್ಲ.

ವೈನಿ ಎರಡೂ ಬಾಟಲಿಗಳನ್ನು ಒಳಗೆ ಒಯ್ದು ಎರಡು ಸ್ಟೀಲ್ ಲೋಟದಲ್ಲಿ ಹಾಕಿ ತಂದರು. ಯಾವುದರಲ್ಲಿ ಯಾವುದೆಂದು ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ. ಮೊದಲನೆಯದು ನಾಲಿಗೆಯ ಮೇಲೆ ಹಿತವಾಗಿ ಜಾರಿತು. ಎರಡನೆಯದು ಬ್ರೆಡ್ಡಿನ ಹಿಟ್ಟಿಗೆ ಹುಣಸೆಹುಳಿ ಹಿಂಡಿ ಸೋಡಾ ಬೆರೆಸಿದಂತಿತ್ತು. ಒಂದು ಗುಟುಕಿಗೆ ಕಿವಿಯೇ ಅಲುಗಾಡಿತು.

ನಾನು ಎರಡನೆಯ ಲೋಟವನ್ನು ಎತ್ತಿ ಹಿಡಿದು ಎದ್ದು ನಿಂತೆ. "ಇದು ನಮ್ಮ ಭೀಮ್ಯಾಂದು! ಇದೇ ಗೆದ್ದೈತಿ, ವೈನಿ! ಅಂಗಡಿದು ಇದರ ಮುಂದ ಶಾಯಿ ನೀರು!"

"ಪದ್ಮನಾಭ ಅವ್ರ," ವೈನಿ ಮೆಲ್ಲಗೆ ಹೇಳಿದರು, "ಅವರ ಮುಂದ ನೀವು ಒಂದು ಸಲಾನೂ ಸುಳ್ಳು ಹೇಳಲಿಲ್ಲ. ಈಗ್ಯಾಕ?"

ಕುಳಿತೆ. "ಅಂಗಡಿದೇ ಛಲೋ ಐತ್ರಿ. ನಾ ಕೆಡಿಸಿಬಿಟ್ಟೆ ಅವನ ಡಬ್ಬಿ."

ಎಂಟು ತಿಂಗಳಲ್ಲಿ ಮೊದಲ ಸಲ ವೈನಿ ನಕ್ಕರು. "ಹಂಗಾದ್ರ ಅಂಗಡಿದು ಇವತ್ತ ಮೊದಲನೇ ಸಲ ಗೆದ್ದಂಗಾತು."

"ಮೊದಲನೇ ಸಲ? ನಾ ಯಾವಾಗಲೂ ಅಂಗಡಿದೇ..."

"ನೀವು ಬರೋದಕ್ಕಿಂತ ಮೊದಲ ಎರಡೂ ಬಾಟಲಿ ಅದಲಿಬದಲಿ ಮಾಡ್ತಿದ್ರು. ಅಂಗಡಿ ಬಾಟಲ್ಯಾಗ ಇದ್ದದ್ದು ಅವರು ಮಾಡಿದ್ದು. ನೀವು ಶಾಯಿ ನೀರು ಅಂದದ್ದು ಅಂಗಡಿದು."

ನನ್ನ ಹರಿಶ್ಚಂದ್ರ ಕಿರೀಟ ಉರುಳಿಬಿತ್ತು. ನಲಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಲುಗಾಡುತ್ತಿದ್ದಳು.

"ನನಗ ಯಾಕ ಹೇಳಲಿಲ್ಲ, ವೈನಿ?"

"ನಾನೂ ಕೇಳಿದ್ದೆ. 'ಹೇಳಿದ್ರ ಪಂದ್ಯ ಮುಗೀತು. ಪದ್ಮ್ಯಾ ಅಷ್ಟು ದೂರದಿಂದ ಮತ್ತ ಯಾಕ ಬರ್ತಾನ?' ಅಂದ್ರು."

ವೈನಿ ಒಂದು ನೋಟುಬುಕ್ಕು ತಂದು ಕೊನೆಯ ಪುಟ ತೆರೆದರು. ಅದೇ ಕೈಬರಹ. 'ಪದ್ಮ್ಯಾ ಸೋತದ್ದು ಇಷ್ಟು ಭಾನುವಾರ' ಎಂದು ಬರೆದು, ಮುಂದೆ ಒಂದೇ ಒಂದು ಅಂಕಿ.

"ಆರು," ಎಂದಳು ನಲಿನಿ.

"ಒಂಬತ್ತು ಇರಬೇಕು," ಎಂದರು ವೈನಿ.

ನಾನು ಕನ್ನಡಕ ತೆಗೆದು ಒರೆಸಿಕೊಂಡು ನೋಡಿದೆ. ಕೇಳೋಣವೆಂದರೆ ಬರೆದವನಿಲ್ಲ.

"ಒಂಬತ್ತು," ಎಂದೆ.

"ಅಯ್ಯ! ಅವತ್ತು ಆರು ಅಂತ ಹಟ ಹಿಡಿದೋರು, ಇವತ್ತು ಹೆಚ್ಚಿಗಿ ಸೋಲೋದಕ್ಕ ಹಟ ಮಾಡಾಕತ್ತೀರಲ್ಲ!"

"ಇರಲಿ ಬಿಡ. ಅವನ ಜೋಡಿ ಮೂರು ಭಾನುವಾರ ಹೆಚ್ಚಿಗಿ ಸಿಕ್ತಾವು."