ಒಂಬೈನೂರು ಸೆಕೆಂಡು

ಅರಕಲಗೂಡಿನ ನಟರಾಜನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎಂಬ ಎರಡು ಆಪರೇಟಿಂಗ್ ಸಿಸ್ಟಂಗಳಿದ್ದವು. ಆನ್ ಮಾಡಿದೊಡನೆ ಅದು ಯಾವುದು ಬೇಕೆಂದು ಕೇಳಿ, ಹತ್ತು ಸೆಕೆಂಡು ಎಣಿಸಿ, ಉತ್ತರ ಬಾರದಿದ್ದರೆ ತಾನೇ ವಿಂಡೋಸ್ ತೆರೆಯುತ್ತಿತ್ತು. ನಲವತ್ತೊಂದರ ನಟರಾಜನನ್ನು ಏನು ಬೇಕೆಂದು ಕೇಳುವ ಜೀವ ಬೇರೊಂದಿರಲಿಲ್ಲ. ಊರವರ ಮದುವೆ ಕಾಗದಗಳನ್ನೆಲ್ಲ ಅಚ್ಚು ಹಾಕಿ, ಸಂಜೆ ಬಾಗಿಲೆಳೆದುಕೊಂಡು ಹೋಗಿ ಒಬ್ಬನೇ ಉಪ್ಪಿಟ್ಟು ಕೆದಕುವುದು ಅವನ ಬದುಕು.

ಶನಿವಾರ ಮಾತ್ರ ಬೇರೆ. ಬೆಳಗಿನ ಸ್ಕೂಲು ಮುಗಿಸಿ ನಾಗಲಕ್ಷ್ಮಿ ಟೀಚರ್ ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಬರುತ್ತಿದ್ದರು. ಅವರು ತಿರುವಿನಲ್ಲಿ ಕಂಡರೆ ಸಾಕು, ಇವನು ಕಂಪ್ಯೂಟರ್ ಆರಿಸಿ ಮತ್ತೆ ಹಾಕುತ್ತಿದ್ದ. ಎಣಿಕೆಯ ಹತ್ತು ಸೆಕೆಂಡನ್ನು ಗುಟ್ಟಾಗಿ ಮುನ್ನೂರು ಮಾಡಿಟ್ಟಿದ್ದ. ಬೇರೆ ಗಿರಾಕಿಗಳು ಬಂದರೆ ಎಂಟರ್ ಒತ್ತಿ ಎಣಿಕೆ ತಪ್ಪಿಸುತ್ತಿದ್ದ, ಟೀಚರ್ ಬಂದರೆ ಕೈಕಟ್ಟಿ ಕೂರುತ್ತಿದ್ದ. ಆ ಐದು ನಿಮಿಷ ಅವರು ಫ್ಯಾನಿನ ಕೆಳಗೆ ಕೂತು ಆಡಿದ ಮಾತನ್ನೇ ವಾರವಿಡೀ ಮೆಲುಕು ಹಾಕುತ್ತಿದ್ದ.

ಅವರ ಫೋನ್ ನಂಬರ್ ಕೇಳಲು ಆರು ಶನಿವಾರದಿಂದ ಹೆಣಗಿದ್ದ. ಧೈರ್ಯ ಬರುವಷ್ಟರಲ್ಲಿ ಐದು ನಿಮಿಷ ಮುಗಿದಿರುತ್ತಿತ್ತು. ಇವತ್ತು ಬೆಳಿಗ್ಗೆ ಮುನ್ನೂರನ್ನು ಒಂಬೈನೂರು ಮಾಡಿದ.

ಟೀಚರ್ ಬಂದು ಕೂತರು. ನಟರಾಜ ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಬೇಕರಿಯ ಕುಮಾರ್ ಪಹಣಿ ಪ್ರಿಂಟಿಗೆಂದು ನುಗ್ಗಿದ.

“ಏನ್ಲಾ ನಟ್ರಾಜ, ಎಂಟ್ನೂರು ಅಂತ ತೋರಿಸ್ತಾ ಅದೆ? ಇದು ಕೆಟ್ಟೋಗ್ಯದೆ ಕಣ್ಲಾ.”

“ಅದು ಅಂಗೇ ಕಣ. ನೀನು ಸಂಜೆ ಬಾ.”

“ಟೀಚರ್ ಕಾಯ್ತಾವ್ರೆ, ಇಂಗೇ ಬುಟ್ಟು ಓಗೋಕಾಯ್ತದಾ?”

ಕುಮಾರ್ ಹಾಸನದ ರಿಪೇರಿಯವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. ಗದ್ದಲ ಕೇಳಿ ಹೂ ಮಾರುವ ದೊಡ್ಡಮ್ಮ ಬಂದಳು. “ಕಾದೋಗಿರ್ಬೇಕು ಕಣಪ್ಪ, ಒದ್ದೆ ಬಟ್ಟೆ ಆಕು,” ಎನ್ನುತ್ತ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. ಬುಟ್ಟಿಯ ಅಂಚು ಯಾವುದೋ ಕೀಲಿಗೆ ತಗಲಿ ಎಣಿಕೆ ಮಾಯವಾಯಿತು.

“ಓಯ್ತು,” ಎಂದ ಕುಮಾರ್.

ಎಣಿಕೆ ನಿಂತರೆ, ಯಾರಾದರೂ ಎಂಟರ್ ಒತ್ತುವ ತನಕ ಕಂಪ್ಯೂಟರು ಹಾಗೇ ಕಾಯುತ್ತದೆಂದು ನಟರಾಜನಿಗೆ ಗೊತ್ತು. ಒಳಗೊಳಗೇ ಹಿಗ್ಗಿದ. ಇಬ್ಬರನ್ನೂ ಹೇಗೋ ಸಾಗಹಾಕಿ, ಟೀಚರ್ ಕಡೆ ತಿರುಗಿದ.

“ಟೀಚರ್, ನಿಮ್ಮ ಫೋನು...”

ಟೀಚರ್ ಗಡಿಯಾರ ನೋಡಿ ಎದ್ದುಬಂದು, ಎಂಟರ್ ಒತ್ತಿದರು. ವಿಂಡೋಸ್ ತೆರೆಯಿತು.

“ನಿಮ್ಗೆ ಗೊತ್ತಿತ್ತಾ?”

“ಮೊದಲ್ನೇ ವಾರದಿಂದ್ಲೂ ಗೊತ್ತು. ಸ್ಕೂಲಿನ ಕಂಪ್ಯೂಟರೆಲ್ಲ ನಾನೇ ನೋಡ್ಕೊಳ್ಳೋದು.”

ನಟರಾಜನ ಎದೆ ಅರಳಿತು. ಗೊತ್ತಿದ್ದೂ ಕೂತಿದ್ದರಲ್ಲ. “ಮತ್ತೆ ಯಾಕೆ ಕಾಯ್ತಿದ್ರಿ?”

“ಹೊಳೆನರಸೀಪುರದ ಬಸ್ಸು ಒಂದೂವರೆಗಿತ್ತು. ಸ್ಟಾಪಲ್ಲಿ ನೆರಳಿಲ್ಲ, ಇಲ್ಲಿ ಫ್ಯಾನಿತ್ತು. ಇವತ್ತಿಂದ ಒಂದೂಕಾಲಿಗೇ ಬರ್ತದಂತೆ. ಬೇಗ ಟೈಪ್ ಮಾಡಿ.”

ಅವನು ತಲೆಯೆತ್ತದೆ ಟೈಪು ಮಾಡಿಕೊಟ್ಟ. ಟೀಚರ್ ಹಾಳೆ ಮಡಚಿ ಬ್ಯಾಗಿಗೆ ಹಾಕಿ ಫೋನ್ ತೆಗೆದರು.

“ನಿಮ್ಮ ನಂಬರ್ ಹೇಳಿ.”

ನಟರಾಜ ತನ್ನದೇ ನಂಬರನ್ನು ಎರಡು ಸಲ ತಪ್ಪಿ ಮೂರನೇ ಸಲ ಸರಿಯಾಗಿ ಹೇಳಿದ. ಅವರು ಮಿಸ್ಡ್ ಕಾಲ್ ಕೊಟ್ಟರು. ಆರು ಶನಿವಾರ ಹಂಬಲಿಸಿದ ನಂಬರು ಅವನ ಅಂಗೈಯಲ್ಲೇ ರಿಂಗಾಯಿತು.

“ಇನ್ಮೇಲೆ ಬರೆದಿದ್ದನ್ನ ಫೋಟೋ ತೆಗೆದು ಕಳಿಸ್ತೀನಿ, ಟೈಪ್ ಮಾಡಿ ವಾಪಸ್ ಕಳಿಸ್ಬಿಡಿ,” ಎಂದರು ಟೀಚರ್, ಮೆಟ್ಟಿಲಿಳಿಯುತ್ತ. “ನಾನು ಇಲ್ಲೀಗಂಟ ಬರೋದು ತಪ್ತದೆ.”