ಕಾಟಮ್ಮನವರ ಒಲೆಯಿಂದ ಒಂದು ಮುದ್ದೆ ಕೊಡಿಸುವ ಬಗ್ಗೆ

ಚಳ್ಳಕೆರೆ, ಕಚೇರಿ ಮುಂದಿನ ಹುಣಸೆ ಮರದ ನೆರಳು
ಕೀಲಕ ಸಂವತ್ಸರದ ಮಾಘ ಬಹುಳ ಪಂಚಮಿ, 1909ನೇ ಇಸವಿ

ಇಂದ:
ದೊಡ್ಡಪಾಲಯ್ಯ ಬಿನ್ ದಿವಂಗತ ಹನುಮಣ್ಣ, ವಯಸ್ಸು ಮೂವತ್ತೆರಡು, ಕಸುಬು ಕುರಿ ಸಾಕುವುದು ಮತ್ತು ಕಂಬಳಿ ಮಾರುವುದು, ವಾಸ ಪರಶುರಾಂಪುರ, ಸದ್ಯದ ಸ್ಥಿತಿ ಹಸಿವು.

ಗೆ:
ಮಹಾರಾಜಶ್ರೀ ಅಮಲ್ದಾರ್ ಸಾಹೇಬರು, ಚಳ್ಳಕೆರೆ ತಾಲ್ಲೂಕು.

ವಿಷಯ: ಅಜೀರ್ಣ ವಾಸಿಯಾಗಿ ಎಂಟು ದಿನ ಕಳೆದರೂ ಅರ್ಜಿದಾರನಿಗೆ ರಾಗಿ ಮುದ್ದೆ ಇಕ್ಕದಿರುವ ಕುರಿತು.

ಉಲ್ಲೇಖ: (1) ಅರ್ಜಿದಾರನ ತಾಯಿ ಕಾಟಮ್ಮನವರು ಮೊನ್ನೆ ಒಲೆಯ ಮುಂದೆ ಕೂತು ಹೊರಡಿಸಿದ ಬಾಯಿಮಾತಿನ ಹುಕುಂ: "ಅಮಲ್ದಾರ್ರು ಮೊಹರು ಹಾಕಿ ಬರ್ಕೊಟ್ರೆ ಇಕ್ತೀನಿ. ಅಲ್ಲೀತಂಕ ಗಂಜಿ." (2) ಅರ್ಜಿದಾರನ ಹೊಟ್ಟೆಯು ಎಡೆಬಿಡದೆ ಮಾಡುತ್ತಿರುವ ಸದ್ದು.

ಮಾನ್ಯರೇ,

ಅರ್ಜಿದಾರನು ಬಾಯಲ್ಲಿ ಹೇಳಿದ್ದನ್ನು ಕೆಳಗೆ ಸಹಿ ಮಾಡಿರುವ ಬರೆಯುವವನು ಸರ್ಕಾರಿ ಮಾತಿಗೆ ತಂದು ತಮ್ಮ ಸನ್ನಿಧಾನದಲ್ಲಿ ಅರಿಕೆ ಮಾಡುತ್ತಿದ್ದಾನೆ. ಅರ್ಜಿದಾರನಿಗೆ ಅಕ್ಷರ ಬಾರದು, ಬರೆಯುವವನಿಗೆ ತಾಳ್ಮೆ ಬಾರದು. ಕಾರಣ, ಬೇಡದ್ದನ್ನೆಲ್ಲ ಬಿಟ್ಟಿದೆ.

1. ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು ಈ ಸೀಮೆಯ ಪದ್ಧತಿ. ಅಗಿದವನನ್ನು ಕಂಡು ನಾಲ್ಕು ಜನ ನಗುತ್ತಾರೆ. ಅರ್ಜಿದಾರನು ಚಿಕ್ಕಂದಿನಿಂದ ಈ ಪದ್ಧತಿಯನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದ ಅವನ ಹಲ್ಲುಗಳು ಕಂಬಳಿಯ ದಾರ ಕಡಿಯುವುದರ ಹೊರತು ಬೇರೆ ಯಾವ ಕೆಲಸಕ್ಕೂ ನೇಮಕವಾಗಿಲ್ಲ. ಬರೆಯುವವನು ಬಾಯಿ ತೆಗೆಸಿ ಖುದ್ದು ತನಿಖೆ ಮಾಡಿದ್ದಾನೆ. ಹಲ್ಲುಗಳು ಹೊಸವುಗಳಂತೆಯೇ ಇವೆ.

2. ಹನ್ನೊಂದು ದಿನಗಳ ಹಿಂದೆ ಅರ್ಜಿದಾರನು ಮೊಳಕಾಲ್ಮೂರಿಗೆ ಕಂಬಳಿ ಕೊಡಲು ಹೋಗಿದ್ದನು. ರೇಷ್ಮೆ ಸೀರೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಮದುವೆ. ಬಂದವನನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದೆಂದು ಪಂಕ್ತಿಯಲ್ಲಿ ಕೂರಿಸಿದರು. ಎಲೆಗೆ ಬೂಂದಿ ಲಾಡು ಬಿತ್ತು. ಅರ್ಜಿದಾರನು ಜನ್ಮದಲ್ಲಿ ಲಾಡು ಕಂಡವನಲ್ಲ. ಗುಂಡಗಿರುವುದರಿಂದ ಇದು ಪೇಟೆಯವರ ಮುದ್ದೆಯೆಂದೂ, ಪೇಟೆಯವರ ಕೈ ಬಿಗಿಯಾದ್ದರಿಂದ ಚಿಕ್ಕದಾಗಿ ಕಟ್ಟಿದ್ದಾರೆಂದೂ ತೀರ್ಮಾನಿಸಿ, ಮುರಿದು, ತಿಳಿಸಾರಿನಲ್ಲಿ ಅದ್ದಿ, ನುಂಗಿದನು. ಒಂದಲ್ಲ, ಒಂಬತ್ತು. ಆಂಬೊಡೆಗಳನ್ನೂ ಅದೇ ದಾರಿಯಲ್ಲಿ ಕಳಿಸಿದನು. ಅಕ್ಕಪಕ್ಕದ ಎಲೆಯವರು ಉಣ್ಣುವುದನ್ನು ಬಿಟ್ಟು ತನ್ನನ್ನೇ ನೋಡುತ್ತಿದ್ದರೆಂದು ಅರ್ಜಿದಾರನು ಈಗಲೂ ಹೆಮ್ಮೆಯಿಂದ ಹೇಳುತ್ತಾನೆ.

3. ಹಲ್ಲಿನ ಕೆಲಸವನ್ನು ಹೀಗೆ ಹೇಳದೆ ಕೇಳದೆ ಹೊಟ್ಟೆಗೆ ವರ್ಗಾಯಿಸಿದ್ದರಿಂದ ಹೊಟ್ಟೆಯು ಕೆಲಸ ನಿಲ್ಲಿಸಿತು. ಊರು ಸೇರುವಷ್ಟರಲ್ಲಿ ಉಬ್ಬರ, ಹುಳಿತೇಗು, ಎದೆಯುರಿ.

4. ಸುದ್ದಿ ತಿಳಿದು ಊರೇ ಔಷಧಿ ಹೊತ್ತು ಬಂದಿತು. ಪಕ್ಕದ ಮನೆಯ ತೆಲುಗು ಮಾತಿನ ಯರ್ರಮ್ಮನವರು "ಏಮಪ್ಪಾ, ಶುಂಠಿ ಇರುವಾಗ ಭಯ ಎಂದುಕು?" ಎಂದು ಹಸಿಶುಂಠಿಯನ್ನು ಉಪ್ಪಿನೊಡನೆ ಬಾಯಿಗೆ ತುರುಕಿ, ಬೇರೆ ಏನು ಕುಡಿದರೂ ತನ್ನ ಶುಂಠಿ ಕೆಲಸ ಮಾಡದೆಂದು ಎಚ್ಚರಿಸಿ ಹೋದರು. ಮಸಾಲೆ ವ್ಯಾಪಾರಿ ಕರೀಂ ಸಾಬರು ಓಮ ಕುದಿಸಿದ ನೀರು ತಂದು ಅದನ್ನೇ ಹೇಳಿದರು. ಕಾಟಮ್ಮನವರು ಇಂಗು ಜೀರಿಗೆ ಹಾಕಿದ ನೀರುಮಜ್ಜಿಗೆ ಕುಡಿಸಿ, ಹೊಟ್ಟೆಗೆ ಹರಳೆಣ್ಣೆ ಸವರಿದರು. ಯಾರ ಮನಸ್ಸೂ ನೋಯಬಾರದೆಂದು ಅರ್ಜಿದಾರನು ಎಲ್ಲವನ್ನೂ ಎಲ್ಲರ ಕಣ್ಣೆದುರು ಸೇವಿಸಿದ ಕಾರಣ, ಎರಡನೆಯ ದಿನ ಹೊಟ್ಟೆಯಲ್ಲಿ ಲಾಡುಗಳಿಗೂ ಔಷಧಿಗಳಿಗೂ ಜಾಗದ ತಕರಾರು ನಡೆಯಿತು. ಮೂರನೆಯ ದಿನ ಓಮದ ನೀರೊಂದನ್ನೇ ಗುಟುಕು ಗುಟುಕಾಗಿ ಕುಡಿದು, ಕುರಿಗಳ ಹಿಂದೆ ನಿಧಾನ ನಡೆದಾಡಿದ ಮೇಲೆ ಒಂದು ದೀರ್ಘವಾದ, ಹುಳಿಯಿಲ್ಲದ, ಪ್ರಾಮಾಣಿಕ ತೇಗು ಬಂದಿತು. ಉಬ್ಬರ ಇಳಿಯಿತು. ಅಲ್ಲಿಗೆ ಕಾಯಿಲೆ ಮುಗಿಯಿತು.

5. ಕಾಯಿಲೆ ಮುಗಿದರೂ ಪಥ್ಯ ಮುಗಿಯಲಿಲ್ಲ. ಕಾಟಮ್ಮನವರ ನಿಯಮವೇನೆಂದರೆ, ಹೊಟ್ಟೆ ಸದ್ದು ಮಾಡಿದರೆ ಅಜೀರ್ಣ. ಅಜೀರ್ಣವಿದ್ದರೆ ತೆಳು ಗಂಜಿ. ತೆಳು ಗಂಜಿ ಕುಡಿದ ಹೊಟ್ಟೆ ಹಸಿದು ಸದ್ದು ಮಾಡುತ್ತದೆ. ಸದ್ದು ಮಾಡಿದ ಕಾರಣ ಮತ್ತೆ ಗಂಜಿ. ಗಂಜಿಯ ಕಾರಣ ಮತ್ತೆ ಸದ್ದು. ಎಂಟು ದಿನಗಳಿಂದ ಅರ್ಜಿದಾರನು ಈ ಗಾಣದಲ್ಲಿ ಸುತ್ತುತ್ತಿದ್ದಾನೆ. "ಅವ್ವ, ಇದು ಹಸಿವಿನ ಸದ್ದು ಕಣವ್ವ" ಎಂದರೆ, "ಹೊಟ್ಟೆ ಮಾತಾಡೋದು ನಿಂಗೆ ಗೊತ್ತೋ, ಹೆತ್ತೋಳಿಗೆ ಗೊತ್ತೋ?" ಎನ್ನುತ್ತಾರೆ. ಇದಕ್ಕೆ ಉತ್ತರವಿರುವ ಕಾನೂನು ಯಾವುದೆಂದು ಬರೆಯುವವನಿಗೂ ತಿಳಿಯದು.

6. ಆದ್ದರಿಂದ ಉಲ್ಲೇಖ ಒಂದರಂತೆ ತಮ್ಮ ಮೊಹರಿಗಾಗಿ ಅರ್ಜಿದಾರನು ನಿನ್ನೆ ಊರು ಬಿಟ್ಟು ನಡೆದು ಬಂದಿರುತ್ತಾನೆ.

ಇಷ್ಟು ಬರೆಯುವಷ್ಟರಲ್ಲಿ ಸಂತೆಗೆ ಹೊರಟಿದ್ದ ಕರೀಂ ಸಾಬರ ಗಾಡಿ ಮರದ ಕೆಳಗೆ ಬಂದು ನಿಂತಿತು. ಗಂಜಿ ಮಡಕೆ ಹಿಡಿದು ಇಳಿದವರು ಎದುರುದಾರರಾದ ಕಾಟಮ್ಮನವರೇ. ನಡೆದ ವಿಚಾರಣೆಯನ್ನು ನಡೆದಂತೆಯೇ ದಾಖಲು ಮಾಡಿದೆ.

"ಲೇ ಪಾಲಯ್ಯ, ಗಂಜಿ ಕುಡೀದಂಗೆ ಬಂದಿದ್ದೀಯಲ್ಲೋ!"

"ಅವ್ವ, ನಿನ್ನ ಮ್ಯಾಲೆ ಅರ್ಜಿ ಬರೆಸ್ತಾ ಇದೀನಿ. ಸುಮ್ಕಿರು."

"ಬರೆಸು, ಯಾರು ಬ್ಯಾಡಂದ್ರು? ಕುಡ್ಕಂಡು ಬರೆಸು."

ಆಗ ಗುರ್ರೆಂದು ದೊಡ್ಡ ಸದ್ದಾಯಿತು. ಬರೆಯುವವನ ಲೇಖನಿ ಜಾರಿ ಮಸಿ ಬಿತ್ತು (ಮೇಲಿನ ಕಲೆ ಅದೇ). "ನಿನ್ನ ಹೊಟ್ಟೆಗೆ ಸ್ವಲ್ಪ ಸುಮ್ಮನಿರಲು ಹೇಳಯ್ಯ" ಎಂದು ಗದರಿದ್ದಕ್ಕೆ ಅರ್ಜಿದಾರನು, "ನಂದಲ್ಲ ಸ್ವಾಮಿ" ಎಂದನು. ಕರೀಂ ಸಾಬರು ತಮ್ಮದೂ ಅಲ್ಲವೆಂದು ತಲೆಯಾಡಿಸಿದರು. ಉಳಿದವರು ಒಬ್ಬರೇ. ಅವರು ಸೆರಗನ್ನು ಹೊಟ್ಟೆಗೆ ಬಿಗಿಯಾಗಿ ಒತ್ತಿಕೊಂಡು ಎತ್ತುಗಳನ್ನು ನೋಡುತ್ತಿದ್ದರು.

"ಏನಮ್ಮಾ, ನೀವೂ ಲಾಡು ನುಂಗಿದ್ದಿರಾ?" ಎಂದು ಬರೆಯುವವನು ಕೇಳಿದನು.

ಉತ್ತರ ಕೊಟ್ಟವರು ಕರೀಂ ಸಾಬರು. "ಎಲ್ಲಿ ಲಾಡು ಸ್ವಾಮಿ! ಹನ್ನೊಂದು ದಿನ ಆತು, ಆ ಮನೇಲಿ ಮುದ್ದೆ ತೊಳಸಿಲ್ಲ. ನಮ್ಮ ಮನೆಯಾಕೆ ಕುಬ್ರಾ ರೊಟ್ಟಿ ಕಳ್ಸಿದ್ರೆ ವಾಪಸ್ ಬಂತು. ಈ ಅಮ್ಮನೂ ಗಂಜೀನೇ."

"ಮಗ ಗಂಜಿ ಕುಡಿಯೋವಾಗ ಅವನ ಕಣ್ಮುಂದೆ ನಾನೆಂಗೆ ಮುದ್ದೆ ನುಂಗ್ಲಿ?" ಎಂದರು ಕಾಟಮ್ಮನವರು. ಅದೇನು ದೊಡ್ಡ ವಿಷಯವೆಂಬಂತೆ ಎಲ್ಲರ ಮೇಲೂ ಸಿಡುಕಿದರು.

ಅರ್ಜಿದಾರನು ಇಲ್ಲಿ ಅತ್ತನು. ದಾಖಲೆಗಾಗಿ ಬರೆದಿದೆ. ಬರೆಯುವವನ ಕಣ್ಣಿಗೆ ಆ ಹೊತ್ತಿಗೆ ಹುಣಸೆ ಮರದಿಂದ ಏನೋ ಬಿದ್ದಿತ್ತು.

ಆಮೇಲೆ ಬರೆಯುವವನು, "ಲಾಡು ನುಂಗದ ನಿಮ್ಮ ಹೊಟ್ಟೆಯೂ ಅದೇ ಸದ್ದು ಮಾಡಿತಲ್ಲಮ್ಮ. ಇದು ಹಸಿವೆಂದು ಈಗ ಒಪ್ಪುತ್ತೀರಾ?" ಎಂದು ಕೇಳಲಾಗಿ, ಅವರು ಮರದ ಬೇರಿನ ಮೇಲೆ ಕೂತರು.

"ಹಸಿವು ಅಂತ ನಂಗೂ ಗೊತ್ತೈತಿ ಸ್ವಾಮಿ. ಇವರಪ್ಪನೂ ಒಂದಿನ ಹಿಂಗೇ ಹೊಟ್ಟೆ ಹಿಡ್ಕಂಡು ಬಂದ್ರು. ಸಂಜಿಗೆ, 'ಅಜೀರ್ಣ ಆಗಿತ್ತು ಕಣೇ, ವಾಸಿ ಆತು, ಮುದ್ದೆ ಇಕ್ಕು' ಅಂದ್ರು. ಇಕ್ಕಿದೆ. ಬೆಳಗಾಗೋದ್ರಾಗೆ ಹೋದ್ರು. ಈ ಕೈಯಾಗೇ ಇಕ್ಕಿದ್ದು."

ಹನುಮಣ್ಣನವರಿಗೆ ಇದ್ದದ್ದು ಅಜೀರ್ಣವಲ್ಲ, ಬೇರೆ ಯಾವುದೋ ಕಾಯಿಲೆ, ಮುದ್ದೆಯ ತಪ್ಪಿಲ್ಲ, ನಿಮ್ಮ ಕೈಯ ತಪ್ಪಂತೂ ಇಲ್ಲವೇ ಇಲ್ಲ ಎಂದು ಬರೆಯುವವನೂ ಕರೀಂ ಸಾಬರೂ ಸಾಕಷ್ಟು ಹೇಳಿದರು. ಅವರು ಎಲ್ಲವನ್ನೂ ಕೇಳಿ, "ಮೊಹರು ಬೀಳ್ಲಿ" ಎಂದರು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಲೆಬರಹದಲ್ಲಿ ಕೋರಿರುವ ಒಂದು ಮುದ್ದೆಯನ್ನು ಎರಡು ಎಂದು ತಿದ್ದಿ ಓದಿಕೊಳ್ಳಬೇಕಾಗಿಯೂ, ಮೊದಲನೆಯದು ಕಾಟಮ್ಮನವರ ತಟ್ಟೆಗೆ ಬೀಳದ ಹೊರತು ಎರಡನೆಯದನ್ನು ಜಾರಿ ಮಾಡಬಾರದೆಂದು ಆದೇಶದಲ್ಲಿ ಕಾಣಿಸಬೇಕಾಗಿಯೂ ಅರ್ಜಿದಾರನು ಬೇಡಿಕೊಳ್ಳುತ್ತಾನೆ. ಗಾಡಿ ಊರಿಗೆ ತಿರುಗುವುದರೊಳಗೆ ಆದೇಶ ಕೈಸೇರಿದರೆ ಎರಡು ಹೊಟ್ಟೆಗಳಿಗೆ ಉಪಕಾರ.

ತಮ್ಮ ಹಸಿದ ವಿಶ್ವಾಸಿ,
ದೊಡ್ಡಪಾಲಯ್ಯನ ಹೆಬ್ಬೆಟ್ಟಿನ ಗುರುತು

ಬರೆದವನು: ಜಂಬುಲಿಂಗಪ್ಪ
ಸಾಕ್ಷಿ: ಕರೀಂ ಸಾಬ್

ಲಗತ್ತುಗಳು:
(ಅ) ಉಳಿದ ಓಮ, ಒಂದು ಪೊಟ್ಟಣ. ತಮಗೆ ಅಥವಾ ಕಚೇರಿ ಸಿಬ್ಬಂದಿಗೆ ಬೇಕಾಗಬಹುದು.
(ಆ) ಗಂಜಿ ಮಡಕೆ, ತುಂಬಿದ್ದು. ಪರಿಶೀಲನೆಯ ನಂತರ ಅರ್ಜಿದಾರನಿಗೆ ಹಿಂತಿರುಗಿಸಬಾರದು.
(ಇ) ಇನ್ನು ಮುಂದೆ ಲಾಡು, ಆಂಬೊಡೆ ಇತ್ಯಾದಿಗಳನ್ನು ಹಲ್ಲಿನಿಂದಲೇ ಅಗಿಯುವುದಾಗಿ ಅರ್ಜಿದಾರನ ಮುಚ್ಚಳಿಕೆ. ಮುದ್ದೆಯನ್ನೂ ಅಗಿಯಬೇಕೆಂದು ಸರ್ಕಾರ ಒತ್ತಾಯಿಸಬಾರದು. ಊರಲ್ಲಿ ತಲೆಯೆತ್ತಿ ತಿರುಗಬೇಕಾಗಿದೆ.

ಷರಾ: ಕಾಗದ ಮಡಿಸುವ ಹೊತ್ತಿಗೆ ಎದುರುದಾರರು, ಒಂದು ಸಾಲು ಸೇರಿಸಿದರೆ ತಾವೂ ಹೆಬ್ಬೆಟ್ಟು ಒತ್ತಿ, ಊರು ಮುಟ್ಟಿದೊಡನೆ ಒಲೆಯ ಮೇಲೆ ಎಸರಿಡುವುದಾಗಿ ಒಪ್ಪಿರುತ್ತಾರೆ. ಸಾಲು ಅವರ ಮಾತಿನಲ್ಲೇ ಇದೆ: "ನನ್ನ ಮಗ ಮುದ್ದೆ ಉಂಡು ಮಲಗಿದ್ರೆ ಬೆಳಿಗ್ಗೆ ಏಳ್ತಾನೆ ಅಂತ ಬರ್ಕೊಡಿ." ಇಂಥ ಆದೇಶ ಹೊರಡಿಸಲು ತಾಲ್ಲೂಕು ಕಚೇರಿಗೆ ಅಧಿಕಾರವಿದೆಯೋ ಇಲ್ಲವೋ ಬರೆಯುವವನು ಅರಿಯನು. ಇಲ್ಲದಿದ್ದರೂ ದಯಮಾಡಿ ಹೊರಡಿಸಬೇಕು.