ಕಪಾಟಿನ ತಳದಲ್ಲಿ ನಾಲ್ಕು ಬೆರಳು

ಬೆರಳಚ್ಚು ತಜ್ಞನ ಕೆಲಸದಿಂದ ನಿವೃತ್ತನಾಗಿ ಡೊಂಬಿವಲಿಯಲ್ಲಿ ಕೂತರೂ ಠಾಣೆ, ಕಲ್ಯಾಣ, ಬೇಲಾಪುರದ ಕೋರ್ಟುಗಳು ನನ್ನನ್ನು ಬಿಟ್ಟಿಲ್ಲ. ಹೋದಲ್ಲೆಲ್ಲ ಬಾಯಿ ಒಣಗುವಷ್ಟು ವಿವರಿಸುತ್ತೇನೆ, ಯಾರಿಗೂ ಏನೂ ಅರ್ಥವಾಗುವುದಿಲ್ಲ. ಆದರೂ ಮತ್ತೆ ಕರೆಯುತ್ತಾರೆ! ಈ ಭಟ್ಟರ ಕೇಸನ್ನೇ ನೋಡಿ.

ಮನೆಯಲ್ಲಿ ತಾಲೀಮು

ಕೋಪರಖೈರಣೆಯ ಹೋಟೆಲೊಂದರ ಅಡಿಗೆ ಭಟ್ಟರ ಮೇಲೆ ಕಳವಿನ ಆರೋಪ. ಕಾಮೋಠೆಯಲ್ಲಿರುವ ಧಣಿಯ ಮನೆಯ ಸ್ಟೀಲ್ ಕಪಾಟಿನಿಂದ ಚಿನ್ನದ ಬಳೆ ಹೋಗಿತ್ತು, ಕಪಾಟಿನಲ್ಲಿ ಭಟ್ಟರ ಬೆರಳಚ್ಚು ಸಿಕ್ಕಿತ್ತು. ಸಾಬೀತಾದರೆ ಜೈಲೇ. "ಧಣಿಗಳು ಮನೆ ಬದಲಿಸುವಾಗ ಆ ಕಪಾಟು ಹೊತ್ತದ್ದೇ ನಾವು ಮಾರಾಯ್ರೆ" ಅಂತ ಭಟ್ಟರು ಗೋಗರೆದರು. ಧಣಿ ಮಾತ್ರ, "ಪ್ಯಾಕರ್ಸ್‌ನವರು ಹೊತ್ತದ್ದು" ಅಂತ ಪೊಲೀಸರಿಗೆ ಬರೆಸಿದ್ದರು. ಹೋಟೆಲಿನವರಿಂದ ಮನೆ ಸಾಮಾನು ಹೊರಿಸಿದೆ ಅಂದರೆ ಮರ್ಯಾದೆ ಪ್ರಶ್ನೆ ನೋಡಿ!

ಭಟ್ಟರ ಪರ ಸಾಕ್ಷಿ ಹೇಳಲು ಹೊರಟವನು ಹಿಂದಿನ ದಿನ ಹೆಂಡತಿಯೆದುರು ತಾಲೀಮು ಮಾಡಿದೆ. ಸುಳಿ, ಕುಣಿಕೆ, ಕಮಾನು, ರೇಖೆ ಕವಲೊಡೆಯುವ ಜಾಗ, ಎಲ್ಲ ಹೇಳಿದೆ. ಬೀನ್ಸ್ ಹೆಚ್ಚುತ್ತಿದ್ದವಳು ತಲೆಯೆತ್ತಿ, "ಇದನ್ನು ಕೇಳಿದ್ರೆ ಭಟ್ರಿಗೆ ಜೈಲಲ್ಲ, ನೇಣೇ ಆಗ್ತದೆ" ಅಂದಳು.

ಒಂದೇ ಪ್ರಶ್ನೆ

ಬೇಲಾಪುರದ ಕೋರ್ಟಿನಲ್ಲಿ ದೊಡ್ಡ ಚಾರ್ಟು ಬಿಡಿಸಿದೆ. ಐದೇ ನಿಮಿಷಕ್ಕೆ ನ್ಯಾಯಾಧೀಶರು, "ಸಾಹೇಬ್, ಸೋಪಂ ಕರೂನ್ ಸಾಂಗಾ" ಅಂದರು. ಸುಲಭ ಮಾಡಿ ಹೇಳಬೇಕಂತೆ.

"ಅಚ್ಚು ಯಾರದ್ದು ಅಂತ ಗೊತ್ತಾಗುತ್ತದೆ ಸ್ವಾಮಿ, ಯಾವತ್ತಿನದು ಅಂತ ಗೊತ್ತಾಗುವುದಿಲ್ಲ."

ಸರ್ಕಾರಿ ವಕೀಲರು ಎದ್ದರು. "ಅಂದರೆ ಇದು ಭಟ್ಟರದ್ದೇ?"

"ಹೌದು."

"ಸಾಕು" ಅಂತ ಕೂತರು. ಅಯ್ಯೋ, ಭಟ್ಟರು ನನ್ನನ್ನು ನೋಡಿದ ನೋಟವೇ! ನನ್ನನ್ನು ಕರೆಸಿದವರು ಅವರೇ ತಾನೆ.

ಎತ್ತಿ ತೋರಿಸಿದ್ದು

ಚಾರ್ಟು ಸುತ್ತಿಟ್ಟೆ. "ಕಪಾಟು ತೆರೆಯುವವನು ಹಿಡಿಗೆ ಕೈ ಹಾಕುತ್ತಾನೆ. ಇವರ ನಾಲ್ಕು ಬೆರಳು ಇದ್ದದ್ದು ತಳದ ಅಂಚಿನ ಅಡಿಯಲ್ಲಿ. ಅಲ್ಲಿ ಕೈ ಹಾಕುವುದು ಹೊರುವವನು, ಹೀಗೆ" ಅಂತ ಗುಮಾಸ್ತರ ಮೇಜನ್ನು ಎತ್ತಹೋದೆ. ಅದು ಅಲುಗಲಿಲ್ಲ. ಆರೋಪಿಯ ಜಾಗದಲ್ಲಿದ್ದ ಭಟ್ಟರಿಗೆ ತಡೆಯಲಾಗಲಿಲ್ಲ. "ಹಾಗಲ್ಲ ಮಾರಾಯ್ರೆ, ಮೊಣಕಾಲು ಬಗ್ಗಿಸಿ!" ಅಂತ ಬಂದವರೇ ಇನ್ನೊಂದು ಬದಿ ಹಿಡಿದರು.

"ಅರ್ಥವಾಯಿತು" ಅಂದರು ನ್ಯಾಯಾಧೀಶರು, "ಫೈಲ್ ಬೀಳುವ ಮೊದಲು ಕೆಳಗಿಡಿ."

ಧಣಿಯ ಹೆಮ್ಮೆ

ಆದರೆ ಕಪಾಟು ಹೊತ್ತವರು ಪ್ಯಾಕರ್ಸ್‌ನವರು ಅಂತ ಕಾಗದದಲ್ಲಿದೆಯಲ್ಲ? ಧಣಿಯನ್ನು ಮತ್ತೆ ಕರೆಸಿದರು. ಭಟ್ಟರ ವಕೀಲೆ, ಚುರುಕಾದ ಹುಡುಗಿ, ಕಪಾಟಿನ ಫೋಟೋ ನೋಡುತ್ತ ಮೆಲ್ಲಗೆ, "ಪಾಪ, ಅಗ್ಗದ ಪ್ಯಾಕರ್ಸ್ ಇರಬೇಕು, ಕಪಾಟಿಗೆಲ್ಲ ಗೀರು ಬಿದ್ದಿದೆ" ಅಂದಳು.

ಧಣಿ ಕೆಂಪಾದರು. "ಎಂಥ ಗೀರು? ನನ್ನ ಹೆಂಡತಿಯ ತವರಿನ ಕಪಾಟು! ಕಂಡಕಂಡವರಿಗೆ ಮುಟ್ಟಲು ಬಿಡ್ತೇನಾ? ಭಟ್ರನ್ನೇ ಮುಂದೆ ನಿಲ್ಲಿಸಿ ಹೊರಿಸಿದ್ದು!"

ನ್ಯಾಯಾಧೀಶರು ಅದನ್ನು ಹಾಗೇ ಬರೆಸಿಕೊಂಡರು. ನನ್ನ ಇಡೀ ಜನ್ಮದ ಶಾಸ್ತ್ರ ಮಾಡದ್ದನ್ನು ಒಂದು ಗೀರು ಮಾಡಿತ್ತು.

ಭಟ್ಟರು ಬಿಡುಗಡೆಯಾದರು. ಹೊರಗೆ ಬಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಧಣಿ ಏನೂ ಆಗೇ ಇಲ್ಲ ಎನ್ನುವ ಹಾಗೆ ಬಂದು, "ಭಟ್ರೇ, ನೀವಿಲ್ಲದೆ ಸಾಂಬಾರು ಯಾರಿಗೂ ಹಿಡಿಸ್ತಿಲ್ಲ. ನಾಳೆಯಿಂದ ಬನ್ನಿ" ಅಂದರು.

ಭಟ್ಟರು ತಮ್ಮ ಹತ್ತು ಬೆರಳನ್ನೂ ಒಮ್ಮೆ ನೋಡಿಕೊಂಡರು. "ಬರ್ತೇನೆ ಧಣಿಗಳೇ. ಮೊದಲು ಎರಡು ಜೊತೆ ಗ್ಲೌಸ್ ತರಿಸಿಡಿ."